ಮಾಂಟೆಸೊರಿ ತಾಯಿಯವರು



ಮಠದ ಪಾಠಶಾಲೆಗಳಲ್ಲಿ ವಿದ್ಯಾರಂಭವಾದ ಹಿರಿಯರಿಗೆ ಮರಳಕ್ಷರದ ನೆನಪು ಇದ್ದೇ ಇರುವುದು. ಹರಡಿದ ಮರಳಿನಲ್ಲಿ ಎಳೆಯ ಬೆರಳನ್ನು ಹಿಡಿದು ಗುರುಗಳು ಮೊದಲಕ್ಷರವನ್ನು ತಿದ್ದಿಸುತ್ತಿದ್ದರು. ಕಣ್ಣಿಗಿಂತ ಮೊದಲು ಬೆರಳು ಅಕ್ಷರವನ್ನು ಅರಿಯುತ್ತಿದ್ದಿತು. ಭರತಖಂಡವನ್ನು ಇನ್ನೂ ಕಾಣದ ಕಾಲದಲ್ಲಿಯೇ, ರೋಮ್ ನಗರದ ಬಡವರ ಕೇರಿಯೊಂದರಲ್ಲಿ, ಮರಿಯಾ ಮಾಂಟೆಸೊರಿ ಎಂಬ ತಾಯಿಯು ಉಸುಕು ಕಾಗದದ ಅಕ್ಷರಗಳನ್ನು ಕತ್ತರಿಸಿ, ಅವುಗಳ ಮೇಲೆ ಮಕ್ಕಳ ಬೆರಳಾಡಿಸಿ ಬರಹವನ್ನು ಕಲಿಸಿದರು. ಸತ್ಯವು ಎರಡು ದೇಶಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅವರು 1870ನೆಯ ಇಸವಿಯ ಆಗಸ್ಟ್ 31ರಂದು ಇಟಲಿಯ ಕಿಯಾರವಲ್ಲೆಯಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ವೈದ್ಯಶಾಸ್ತ್ರವು ಸಲ್ಲದೆಂದು ಲೋಕವು ಆಡಿಕೊಳ್ಳುತ್ತಿದ್ದಾಗ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದರು. ಬುದ್ಧಿಮಾಂದ್ಯವುಳ್ಳ ಮಕ್ಕಳ ಶುಶ್ರೂಷೆಯಲ್ಲಿ ತೊಡಗಿದಾಗ, ಆ ಮಕ್ಕಳಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣವೆಂದು ಅವರಿಗೆ ಹೊಳೆಯಿತು. ವೈದ್ಯರು ಗುರುವಾದುದು ಹೀಗೆ.

1907ನೆಯ ಇಸವಿಯ ಜನವರಿ 6ರಂದು ಸಾನ್ ಲೊರೆಂಜೊ ಎಂಬ ಕೇರಿಯಲ್ಲಿ 'ಮಕ್ಕಳ ಮನೆ'ಯು ತೆರೆಯಿತು. ತಾಯಿತಂದೆಗಳು ಕೂಲಿಗೆ ಹೋದ ಮೇಲೆ ಕೂಸುಗಳು ಕಟ್ಟಡದ ಗೋಡೆಗಳನ್ನು ಕೆಡಿಸುತ್ತವೆಂದು, ಅವುಗಳನ್ನು ಒಂದೆಡೆ ಕೂಡಿಹಾಕುವುದಕ್ಕಾಗಿ ಕಟ್ಟಡದವರು ಮಾಡಿದ ಏರ್ಪಾಡು ಅದು. ವಿದ್ಯಾದಾನದ ಉದ್ದೇಶವೇನೂ ಅವರಿಗಿರಲಿಲ್ಲ. ಅಲ್ಲಿ ಒಂದು ದಿನ ಮಾಂಟೆಸೊರಿಯವರು ಕರವಸ್ತ್ರದಿಂದ ಮೂಗನ್ನು ಸದ್ದಿಲ್ಲದೆ ಒರಸಿಕೊಳ್ಳುವ ಬಗೆಯನ್ನು ತೋರಿಸಿದರು. ಮಕ್ಕಳು ನಗಲಿಲ್ಲ. ಪಾಠವು ಮುಗಿಯುತ್ತಲೇ ಚಪ್ಪಾಳೆ ತಟ್ಟಿದರು. ಸಿಂಬಳಸುರುಕರೆಂದು ನಿತ್ಯವೂ ಬೈಸಿಕೊಂಡ ಮಕ್ಕಳವು. ಬೈದವರು ಹಲವರು, ಅವಮಾನಗೊಳಿಸದೆ ಕಲಿಸಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಮತ್ತೊಮ್ಮೆ, ಮೂರು ವರುಷದ ಹುಡುಗಿಯೊಬ್ಬಳು ಮರದ ಗುಂಡುಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸುತ್ತ ತನ್ಮಯಳಾಗಿದ್ದಳು. ಸುತ್ತಲಿನವರಿಂದ ಹಾಡಿಸಿದರೂ, ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿರಿಸಿದರೂ ಅವಳು ತಲೆಯೆತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಅದನ್ನೇ ಮಾಡಿ, ನಿದ್ದೆಯಿಂದೆದ್ದವಳಂತೆ ಪ್ರಸನ್ನಳಾಗಿ ನಿಲ್ಲಿಸಿದಳು. ಏಕಾಗ್ರತೆಯನ್ನು ಬೆತ್ತದಿಂದ ಬರಿಸುವೆವೆನ್ನುವ ಉಪಾಧ್ಯಾಯರು ಈ ಸಂಗತಿಯನ್ನು ಒಂದೆರಡು ಸಲ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಇನ್ನು ಮುಚ್ಚಿಡಬಾರದ ಮಾತೊಂದಿದೆ. ಲೋಕದ ಮಕ್ಕಳಿಗೆ ಗುರುವಾದ ಈ ತಾಯಿಯು ತನ್ನ ಮಗನನ್ನು ತಾನು ಬೆಳೆಸಲಿಲ್ಲ. 1898ನೆಯ ಮಾರ್ಚ್ 31ರಂದು ಹುಟ್ಟಿದ ಆ ಮಗನ ಹೆಸರು ಮಾರಿಯೊ. ತಂದೆಯು ಅವರೊಡನೆ ಕೆಲಸಮಾಡುತ್ತಿದ್ದ ವೈದ್ಯರು, ವಿವಾಹವು ನಡೆಯಲಿಲ್ಲ. ಮದುವೆಯಿಲ್ಲದ ತಾಯಿಗೆ ಆ ಕಾಲದ ಇಟಲಿಯಲ್ಲಿ ಮಾನವೂ ಇರಲಿಲ್ಲ, ಉದ್ಯೋಗವೂ ಉಳಿಯುತ್ತಿರಲಿಲ್ಲ. ಕೂಸನ್ನು ಹಳ್ಳಿಯ ದಾದಿಯ ವಶಕ್ಕೆ ಕೊಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರು. ತಮ್ಮ ತಾಯಿಯಾದ ರೆನಿಲ್ಡೆಯವರು 1912ರಲ್ಲಿ ತೀರಿಕೊಂಡ ತರುವಾಯವೇ, ಹದಿನೈದರ ಹರೆಯದ ಮಗನು ತಾಯಿಯ ಮನೆಯನ್ನು ಸೇರಿದನು. ಆಗಲೂ ಜನರೆದುರಿಗೆ ಅವನು ಸೋದರಳಿಯನೆಂದೋ ಸಾಕುಮಗನೆಂದೋ ಕರೆಯಿಸಿಕೊಂಡನೇ ಹೊರತು ಮಗನೆಂದಲ್ಲ. ಇದನ್ನು ಹೊಗಳಲಾಗದು, ಆದರೆ ಗಂಡಿಗೆ ಕೇಳದ ಪ್ರಶ್ನೆಯನ್ನು ಹೆಣ್ಣಿಗೆ ಮಾತ್ರ ಕೇಳಿ ತೀರ್ಪು ಹೇಳುವುದೂ ನ್ಯಾಯವಲ್ಲ. ಮಕ್ಕಳ ಮನೆಯಲ್ಲಿ ಅನ್ಯರ ಕೂಸುಗಳನ್ನು ಅಷ್ಟೊಂದು ತಾಳ್ಮೆಯಿಂದ ನೋಡುತ್ತಿದ್ದಾಗ ದೂರದಲ್ಲಿ ತನ್ನ ಕೂಸಿಗೆ ಒಂಬತ್ತು ವರುಷವೆಂಬುದನ್ನು ಆ ತಾಯಿಯು ಮರೆತಿದ್ದಿರಲಾರರು.

ಮುಸೊಲಿನಿಯ ಆಡಳಿತದೊಡನೆ ಮನಸ್ಸು ಮುರಿದು 1934ರಲ್ಲಿ ಸ್ವದೇಶವನ್ನು ಬಿಟ್ಟರು; ಸ್ಪೇನಿನಲ್ಲಿ ಅಂತರ್ಯುದ್ಧವಾಗಲು ಹಾಲೆಂಡಿಗೆ ಬಂದರು. 1939ರಲ್ಲಿ ಥಿಯಾಸಫಿ ಸಂಘದ ಅಧ್ಯಕ್ಷರಾದ ಅರುಂಡೇಲರ ಕರೆಯಂತೆ, ಮೊಮ್ಮಕ್ಕಳನ್ನು ಹಾಲೆಂಡಿನಲ್ಲಿಯೇ ಬಿಟ್ಟು, ಮಗನೊಡನೆ ಮದರಾಸಿನ ಅಡಯಾರಿಗೆ ಬಂದಿಳಿದರು. ದೇಶದ ನಾನಾ ಕಡೆಗಳಿಂದ ಸುಮಾರು 300 ಮಂದಿ ಉಪಾಧ್ಯಾಯರು ಕೂಡಿದ್ದರು. ತಾಯಿಯು ಇಟಾಲಿಯನ್ ಭಾಷೆಯಲ್ಲಿ ನುಡಿಯುವರು, ಮಗನು ನಿಂತಲ್ಲಿಯೇ ಇಂಗ್ಲಿಷಿಗೆ ತರುವನು. ತಾಯಿಯ ಮಾತಿಗೆ ಮಗನೇ ನಾಲಗೆ.

1940ರ ಜೂನ್‌ನಲ್ಲಿ ಇಟಲಿಯು ಯುದ್ಧಕ್ಕಿಳಿಯುತ್ತಲೇ ಇವರಿಬ್ಬರೂ ಶತ್ರುದೇಶದ ಪ್ರಜೆಗಳಾದರು. ತಾಯಿಗೆ ಅಡಯಾರಿನ ಎಲ್ಲೆಯೇ ಬಂಧನವಾಯಿತು. ಮಗನನ್ನು ಅಹಮದನಗರದ ಸೆರೆಶಿಬಿರಕ್ಕೆ ಒಯ್ದರು. ಅದೇ ಆಗಸ್ಟಿನಲ್ಲಿ ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ವೈಸರಾಯರಿಂದ ತಂತಿವರ್ತಮಾನವು ಬಂದಿತು: ಕಾಣಿಕೆಯಾಗಿ ಅವರ ಮಗನನ್ನು ಅವರಿಗೆ ಮರಳಿಸಲಾಗುವುದೆಂದು. ನಾಲ್ವತ್ತೆರಡು ವರುಷ ಜನರೆದುರಿಗೆ ಆಡಲಾಗದೆ ಉಳಿದಿದ್ದ 'ಮಗ' ಎಂಬ ಮಾತು ಭಾರತದ ಅಂಚೆಯಾಳಿನ ಕೈಯಿಂದ ಬಂದು ಸೇರಿತು. ದೊರೆತನವು ತಿಳಿದು ಕೊಟ್ಟಿತೋ ತಿಳಿಯದೆಯೋ, ಕಾಣಿಕೆಯಂತೂ ದೊಡ್ಡದು.

ಯುದ್ಧವು ಮುಗಿಯುವವರೆಗೂ ಅವರು ಇಲ್ಲಿಯೇ ಇದ್ದರು. ಕೊಡೈಕನಾಲಿನ ಬೆಟ್ಟದಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳನ್ನು ಕೂಡಿಸಿಕೊಂಡು ಗಿಡ, ಕೀಟ, ಕಲ್ಲುಗಳ ಮೂಲಕ ಜಗತ್ತನ್ನೇ ಪಾಠಮಾಡಿದರು. ಅತ್ತ ಹಾಲೆಂಡು ಜರ್ಮನರ ವಶವಾಗಿದ್ದಿತು. ನಾಲ್ವರು ಮೊಮ್ಮಕ್ಕಳು ಪರರ ಆಶ್ರಯದಲ್ಲಿ ಬೆಳೆಯುತ್ತಿದ್ದರು. ತನ್ನ ಮಗನಿಗಾದುದೇ ಮೊಮ್ಮಕ್ಕಳಿಗೂ ಆಯಿತಲ್ಲ ಎಂಬ ಅಳಲನ್ನು ಆ ಅಜ್ಜಿಯು ಹೇಗೆ ತಾಳಿದರೋ! 1946ರಲ್ಲಿ ಮರಳಿದಾಗ, ಬಿಟ್ಟುಹೋಗುವಾಗ ಹತ್ತರ ಪ್ರಾಯದವಳಾಗಿದ್ದ ಕಿರಿಯ ಮೊಮ್ಮಗಳು ಹದಿನೇಳರ ತರುಣಿಯಾಗಿದ್ದಳು.

1952ನೆಯ ಇಸವಿಯ ಮೇ 6ರಂದು ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ ಅವರು ದೇಹವನ್ನು ಬಿಟ್ಟರು. ಎಂಬತ್ತೊಂದರ ಆ ವಯಸ್ಸಿನಲ್ಲಿಯೂ ಆಫ್ರಿಕಾ ಖಂಡಕ್ಕೆ ಹೋಗಿ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಆಲೋಚನೆಯಲ್ಲಿದ್ದರು. ಮರಣಶಾಸನದಲ್ಲಿ ಮಾರಿಯೊ ತಮ್ಮ ಮಗನೆಂದೇ ಬರೆಯಿಸಿದ್ದರು. ಅವನು 1982ರಲ್ಲಿ ತೀರಿಕೊಳ್ಳುವವರೆಗೂ ತಾಯಿಯ ಕೆಲಸವನ್ನು ನಡೆಸಿದನು. ಅಜ್ಜಿಯು 1929ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ಮುಂದೆ ಆ ಕಿರಿಯ ಮೊಮ್ಮಗಳೂ ಅಧ್ಯಕ್ಷೆಯಾದಳು. ಅವಳಿಗೆ ಇಟ್ಟಿದ್ದುದು ಮುತ್ತಜ್ಜಿಯ ಹೆಸರು, ರೆನಿಲ್ಡೆ.