ಕಂಪೈಲರಿನ ಬೊಬ್ಬೆಗೆ ಹೆದರಬೇಡಿ
(ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಬರಹರೂಪ)



ನಾನು ಬಿಎ ಓದುವವನು. ಕಂಪ್ಯೂಟರ್ ನನ್ನ ವಿಷಯ ಅಲ್ಲ. ಆದರೂ ಕಳೆದ ವರ್ಷ ಆಸಕ್ತಿಯಿಂದ ಸಿ ಭಾಷೆ ಸ್ವಲ್ಪ ಕಲಿತೆ. ಕಲಿತದ್ದಕ್ಕಿಂತ ಎಡವಿದ್ದೇ ಹೆಚ್ಚು. ಆ ಎಡವಿದ ಕಥೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಿಮ್ಮ ಹೆಸರೂ ಉಂಟು.

ನಮ್ಮ ಸಂಘದ ತಿಂಗಳ ವಂತಿಗೆ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಬಾಕಿ ಸೊನ್ನೆ ಆದರೆ 'ಪಾವತಿ ಆಗಿದೆ', ಇಲ್ಲದಿದ್ದರೆ 'ಬಾಕಿ ಉಂಟು' ಅಂತ ಬರಬೇಕು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸಿ ಕೊಡುವುದು ಕಂಪೈಲರ್. ನಾನು ಬಳಸಿದ್ದು ಜಿಸಿಸಿ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಹೊರತಂದದ್ದು, ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. ಪುಸ್ತಕದಲ್ಲಿದ್ದ ಹಾಗೆ ಆದೇಶ ಕೊಟ್ಟೆ. ಪರದೆ ತುಂಬ ಇಂಗ್ಲಿಷಿನಲ್ಲಿ ಎಚ್ಚರಿಕೆಗಳು ಬಂದವು. ಗೆಳೆಯನೊಬ್ಬ, "ಅದಕ್ಕೆಂತ ತಲೆಬಿಸಿ ಮಾರಾಯಾ, ಸಣ್ಣ ಡಬ್ಲ್ಯೂ ಹಾಕು" ಅಂದ. ಹಾಕಿದೆ. ಬೊಬ್ಬೆ ನಿಂತಿತು.

ಆದರೆ ಪಟ್ಟಿಯಲ್ಲಿ ಎಲ್ಲರಿಗೂ 'ಬಾಕಿ ಉಂಟು'! ಬೀಡಿ ಕಟ್ಟಿದ ದುಡ್ಡಿನಿಂದ ತಪ್ಪದೆ ವಂತಿಗೆ ಕೊಡುವ ನೆರೆಮನೆಯ ದೊಡ್ಡಮ್ಮ, "ನಾನು ಕೊಡ್ಲಿಲ್ವಾ ಮಗಾ?" ಅಂತ ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ತಪ್ಪು ಎಲ್ಲಿತ್ತು? ಸಿ ಭಾಷೆಯಲ್ಲಿ ಸಮವೇ ಎಂದು ಕೇಳಲು ಎರಡು ಸಮಚಿಹ್ನೆ ಬೇಕು. ನಾನು ಒಂದೇ ಹಾಕಿದ್ದೆ. ಒಂದು ಹಾಕಿದರೆ ಅದು ಪ್ರಶ್ನೆ ಅಲ್ಲ, 'ಸೊನ್ನೆ ಮಾಡು' ಎಂಬ ಆಜ್ಞೆ. ಸೊನ್ನೆ ಎಂದರೆ ಸಿ ಭಾಷೆಗೆ 'ಅಲ್ಲ'. ಹಾಗಾಗಿ ಎಲ್ಲರೂ ಬಾಕಿದಾರರಾದರು. ಕಂಪೈಲರ್ ಇದನ್ನು ಮೊದಲೇ ಹೇಳಿತ್ತು. ಅದರ ಬಾಯಿ ಮುಚ್ಚಿಸಿದವನು ನಾನು.

ಕಲಿಯುವ ತಮ್ಮ-ತಂಗಿಯರು ಇಷ್ಟು ನೆನಪಿಡಿ. ಎರರ್ ಎಂದರೆ ಪ್ರೋಗ್ರಾಂ ತಯಾರೇ ಆಗುವುದಿಲ್ಲ, ಅದನ್ನು ಮುಚ್ಚಿಡಲು ಆಗದು. ವಾರ್ನಿಂಗ್ ಎಂದರೆ ಪ್ರೋಗ್ರಾಂ ತಯಾರಾಗುತ್ತದೆ, ಆದರೆ ಸಂಶಯ ಉಂಟು. ಇವುಗಳ ಹಿಡಿತ ನಮ್ಮ ಕೈಯಲ್ಲೇ ಉಂಟು. ಆದೇಶದಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕಿ, ಅದಕ್ಕೆ ತಾಗಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರಾಯಿತು.

ಸಣ್ಣ ಡಬ್ಲ್ಯೂ ಎಲ್ಲ ಎಚ್ಚರಿಕೆಯನ್ನೂ ಅಡಗಿಸುತ್ತದೆ. ಅದರ ಸುದ್ದಿಗೆ ಹೋಗಬೇಡಿ. ದೊಡ್ಡ ಡಬ್ಲ್ಯೂ ಜೊತೆ 'ಆಲ್' ಸೇರಿಸಿದರೆ ಮುಖ್ಯವಾದ ಎಚ್ಚರಿಕೆಗಳು ಬರುತ್ತವೆ. ಹೆಸರು ಆಲ್ ಆದರೂ ಎಲ್ಲವೂ ಅದರಲ್ಲಿಲ್ಲ, ಇನ್ನಷ್ಟು ಬೇಕಾದರೆ 'ಎಕ್ಸ್‌ಟ್ರಾ' ಉಂಟು. 'ಎರರ್' ಸೇರಿಸಿದರೆ ಪ್ರತಿ ವಾರ್ನಿಂಗೂ ಎರರ್ ಆಗಿ, ತಿದ್ದದೆ ಮುಂದೆ ಹೋಗಲು ಬಿಡುವುದಿಲ್ಲ. ಹೆಚ್ಚಿನ ಎಚ್ಚರಿಕೆಗಳ ಕೊನೆಗೆ ಚೌಕ ಆವರಣದಲ್ಲಿ ಅವುಗಳ ಹೆಸರು ಇರುತ್ತದೆ. ಓದಿ, ಅರ್ಥ ಮಾಡಿಕೊಂಡು, ನಿಜವಾಗಿಯೂ ಬೇಡ ಅನಿಸಿದರೆ ಆ ಹೆಸರಿನ ಮುಂದೆ 'ನೋ' ಸೇರಿಸಿ ಅದೊಂದನ್ನು ಮಾತ್ರ ನಿಲ್ಲಿಸಬಹುದು.

ಎರರ್ ರಾಶಿ ಬಿದ್ದರೂ ಗಾಬರಿ ಬೇಡ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೆ ಅದರ ಹಿಂದೆಯೇ ಹತ್ತು ದೂರು ಬರಬಹುದು. ಮೊದಲನೆಯದನ್ನು ತಿದ್ದಿ, ಪುನಃ ಕಂಪೈಲ್ ಮಾಡಿ. ದೊಡ್ಡ ಡಬ್ಲ್ಯೂ ಜೊತೆ 'ಫೇಟಲ್', ಗೆರೆ, 'ಎರರ್ಸ್' ಬರೆದರೆ ಮೊದಲ ಎರರಿಗೇ ಅದು ನಿಲ್ಲುತ್ತದೆ.

ಇಂಗ್ಲಿಷ್ ಸಾಲುಗಳನ್ನು ನೋಡಿದ ಕೂಡಲೇ 'ಇದು ನಮ್ಮಂಥವರಿಗಲ್ಲ' ಅಂತ ನನಗೂ ಅನಿಸಿತ್ತು. ಹಾಗಲ್ಲ. ಅದು ಬೈಗುಳ ಅಲ್ಲ, ಯಾವ ಸಾಲಿನಲ್ಲಿ ಎಡವಿದ್ದೀರಿ ಎಂದು ತೋರಿಸುವ ಬೆರಳು. ಒಂದು ಪಟ್ಟಿಯಲ್ಲಿ ಹೆಸರು ತಪ್ಪಿದರೆ ಎಷ್ಟು ಆಫೀಸು ಅಲೆಯಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಳೆ ಅಂಥ ಪಟ್ಟಿ ಮಾಡುವ ಪ್ರೋಗ್ರಾಂ ಬರೆಯುವವರು ನಮ್ಮೊಳಗಿಂದಲೂ ಬರಬೇಕು. ಅವರು ಎಚ್ಚರಿಕೆಯನ್ನು ಓದುವವರಾಗಿರಬೇಕು.

ದೊಡ್ಡಮ್ಮನ ಹೆಸರಿನ ಎದುರು ಈಗ 'ಪಾವತಿ ಆಗಿದೆ' ಅಂತಲೇ ಬರುತ್ತದೆ.