ಎರಡು ಗಡಿಯಾರದ ನಡುವೆ ನಮ್ಮ ನಿದ್ದೆ

ವಾರವಿಡೀ ದುಡಿದು ಬಂದವರ ಮುಂದೆ ನಿದ್ದೆಯ ಬಗ್ಗೆ ಮಾತಾಡುವುದು ಅಪಾಯದ ಕೆಲಸ. ಯಾರಾದರೂ ತೂಕಡಿಸಿದರೆ ನನಗೇನೂ ಬೇಸರವಿಲ್ಲ.

ಮಸ್ಕತ್ತಿನಲ್ಲಿ ನಸುಕಿನ ನಾಲ್ಕೂವರೆ ಆದಾಗ ಉಡುಪಿಯಲ್ಲಿ ಆರು ಗಂಟೆ. ಅಲ್ಲಿ ಅಮ್ಮ ಕಾಫಿ ಕುಡಿದು ಫ್ಯಾಮಿಲಿ ಗ್ರೂಪಿಗೆ ಶುಭೋದಯ ಹಾಕುತ್ತಾರೆ, ಇಲ್ಲಿ ದಿಂಬಿನ ಪಕ್ಕದ ಫೋನು ಗುಂಯ್ ಅನ್ನುತ್ತದೆ. ನಮ್ಮದೋ ರಾತ್ರಿ ಹತ್ತರ ಮೇಲೆ ಊಟ, ಹನ್ನೆರಡಕ್ಕೆ ಹಾಸಿಗೆ. "ಆರು ಗಂಟೆ ಮಲಗಿದ್ದೆ" ಎನ್ನುತ್ತೇವೆ. ನಡುವೆ ಎಷ್ಟು ಸಲ ಎಚ್ಚರವಾಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೇಹ ಮಾತ್ರ ಹಿಡಿಯುತ್ತದೆ. ಒಳ್ಳೆಯ ನಿದ್ದೆಯಲ್ಲಿ ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೆ ಸಿಗುವ ಬಿಡುವು ಅದೊಂದೇ. ನಿದ್ದೆ ಮತ್ತೆ ಮತ್ತೆ ಮುರಿದರೆ ಆ ಇಳಿತವೂ ಕೆಡುತ್ತದೆ. ಸಕ್ಕರೆಯ ಕಥೆಯೂ ಇಂಥದ್ದೇ. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 11 ಆರೋಗ್ಯವಂತ ಯುವಕರಿಗೆ ಸತತ 6 ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತು. ಶುಗರ್ ಬಂದಾಗ ನಾವು ಬೈಯುವುದು ಬಿರಿಯಾನಿಯನ್ನು!

ರಾತ್ರಿ ಕೆಟ್ಟ ನಿದ್ದೆಯನ್ನು ಹಗಲು ತುಂಬಿಕೊಳ್ಳೋಣವೇ? ನಾವಿರುವ ಈ ಒಮಾನಿನ ಜನರಲ್ಲಿ ಮಧ್ಯಾಹ್ನದ ನಿದ್ದೆ ಹಳೆಯ ರೂಢಿ. ಬಿಸಿಲ ನಾಡಿನ ಜಾಣತನ ಅದು. ನಾವೂ ಇಪ್ಪತ್ತು ನಿಮಿಷ ಒರಗಿದರೆ ತಪ್ಪೇನಿಲ್ಲ. ಆದರೆ ಸಂಜೆ ಐದರವರೆಗೆ ಹೊದ್ದು ಮಲಗಿದರೆ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಬಿಸಿಲಲ್ಲಿ ದುಡಿಯುವವರಿಗೂ ಆ ಹೊತ್ತಿಗೆ ಬಿಡುವುಂಟು: ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನೇ ಇದೆ. ಆದರೆ ನಸುಕಿಗೇ ಸೈಟಿನ ಬಸ್ಸು ಹತ್ತುವವನಿಗೆ, ಒಂದೇ ರೂಮಿನಲ್ಲಿ ಬೇರೆ ಬೇರೆ ಶಿಫ್ಟಿನವರ ಜೊತೆ ಇರುವವನಿಗೆ, ರಾತ್ರಿಯೂ ಬಂಕ್ ಮಂಚದ ಮೇಲೆ ಲೈಟು ಉರಿಯುತ್ತಲೇ ಇರುತ್ತದೆ. ಅವನಿಗೆ "ಬೇಗ ಮಲಗಪ್ಪ" ಎಂದು ಉಪದೇಶ ಮಾಡಿ ಫಲವಿಲ್ಲ. ಒಂದು ದಪ್ಪ ಪರದೆ ಹೆಚ್ಚು ಉಪಕಾರ ಮಾಡೀತು.

ಇನ್ನು ಗೊರಕೆ. ಅದನ್ನು ನಗೆಚಾಟಿಕೆ ಮಾಡಿ ಬಿಡುತ್ತೇವೆ. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗಿ ತಟ್ಟನೆ ಎಚ್ಚರ, ಹಗಲು ಸ್ಟಿಯರಿಂಗ್ ಮುಂದೆ ಕಣ್ಣೆಳೆತ: ಇವು ಜೊತೆಗೂಡಿದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ, ಇರಬಹುದು. ಬಿಪಿ ಹತೋಟಿಗೆ ಬಾರದಿರಲು ಅದೂ ಒಂದು ಕಾರಣ. ಮಲಗಿದವನಿಗೆ ಇದು ತಿಳಿಯುವುದಿಲ್ಲ, ಪಕ್ಕದಲ್ಲಿದ್ದವರಿಗೆ ತಿಳಿಯುತ್ತದೆ. ಮನೆಯವರೇ, ರೂಮಿನ ಗೆಳೆಯರೇ, ಮುಂದಿನ ಸಲ ಗೊರಕೆ ಹೊಡೆಯುವವರು ಡಾಕ್ಟರ ಬಳಿ ಹೋಗುವಾಗ ದಯವಿಟ್ಟು ನೀವೂ ಜೊತೆಗೆ ಹೋಗಿ ಹೇಳಿ.