ಎಣ್ಣೆಗೆಂಪು ಎಂಬ ಮಾತು



ಕನ್ನಡದಲ್ಲಿ 'ಎಣ್ಣೆಗೆಂಪು' ಎಂಬುದೊಂದು ಶಬ್ದವುಂಟು. ಮಗಳ ಬಣ್ಣವು ಕಪ್ಪೆಂದು ಹೇಳಲು ನಾಲಿಗೆ ಬಾರದಾಗ ಹೆತ್ತವರು ಈ ಶಬ್ದದ ಮರೆಯಲ್ಲಿ ನಿಲ್ಲುವರು. 'ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ' ಎಂಬ ಇನ್ನೊಂದು ಮಾತುಂಟು. ವ್ಯಾಕರಣವನ್ನು ಓದಿದವನಾದ್ದರಿಂದ ನನ್ನ ಲಕ್ಷ್ಯವು 'ಇದ್ದರೂ' ಎಂಬಲ್ಲಿಯ ಊಕಾರದ ಮೇಲೆ ಹೋಗುವದು. ಹುಡುಗಿಯ ಮೇಲೆ ಹೊರಿಸಿದ ಕುಂದೆಲ್ಲವೂ ಆ ಒಂದು ಸ್ವರದಲ್ಲಿದೆ. ಗಂಡುಮಕ್ಕಳ ವಿಷಯದಲ್ಲಿ ಈ ಊಕಾರವನ್ನು ನಾನು ಕೇಳಿದ್ದು ಅಪರೂಪ.

ಅನ್ಯರನ್ನು ದೂರುವ ಮುನ್ನ ನನ್ನದನ್ನು ಹೇಳಿಕೊಳ್ಳಬೇಕು. ಮಠದ ಕಚೇರಿಯಲ್ಲಿ ವಧೂವರರ ವಿವರಗಳನ್ನು ಬರೆದಿಡುವ ಪುಸ್ತಕವು ಹಲವು ವರ್ಷಗಳಿಂದ ನನ್ನ ವಶದಲ್ಲಿರುವದು. ಹೆಸರು, ವಯಸ್ಸು, ವಿದ್ಯೆ, ಉದ್ಯೋಗಗಳ ಜೊತೆಗೆ ಅದರಲ್ಲಿ 'ವರ್ಣ' ಎಂಬ ಕಾಲಮು ಒಂದಿದೆ. ಗೆರೆ ಎಳೆದವನು ನಾನೇ. ಒಂದು ದಿನ ಒಬ್ಬ ತಾಯಿಯು ಮಗಳೊಡನೆ ಬಂದು ಕುಳಿತು, ಅವಳ ಮುಖವನ್ನೊಮ್ಮೆ ನೋಡಿ, "ಎಣ್ಣೆಗೆಂಪು ಅಂತ ಬರ್ಕೊಳ್ರಿ, ಶಾಸ್ತ್ರಿಗಳೇ" ಎಂದರು. ಬಿ.ಎಸ್‌ಸಿ. ಮುಗಿಸಿದ್ದ ಆ ಹುಡುಗಿಯು ತಲೆ ಎತ್ತಲಿಲ್ಲ. ನಾನು ಬರೆದೆನು. ಮೂರು ತಿಂಗಳ ತರುವಾಯ ಅಮಾವಾಸ್ಯೆಯ ದರ್ಶನಕ್ಕೆ ಬಂದಾಗ ಅವಳು ಮುಖವನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಹಚ್ಚಿಕೊಂಡ ಲೇಪದಿಂದ ಗಲ್ಲಗಳು ಕೆಂಪೇರಿ, ಬಿಸಿಲು ಸೋಕಿದರೆ ಉರಿಯುತ್ತಿದ್ದವು.

ಆ ಮೇಲೆ ವೈದ್ಯರಾದ ಭಕ್ತರನ್ನು ಕೇಳಿ ಕೆಲವು ಸಂಗತಿಗಳನ್ನು ತಿಳಿದುಕೊಂಡೆನು. ಚರ್ಮಕ್ಕೆ ಬಣ್ಣ ಕೊಡುವ ದ್ರವ್ಯಕ್ಕೆ ಮೆಲನಿನ್ ಎಂದು ಹೆಸರು. ಸೂರ್ಯನ ತೀಕ್ಷ್ಣ ಕಿರಣಗಳಿಂದ ಮೈಯನ್ನು ಕಾಯುವ ಕೊಡೆಯದು. ಕೆಲವು ಲೇಪಗಳಲ್ಲಿ ಕದ್ದು ಬೆರೆಸುವ ಪಾದರಸವು ಅದರ ಉತ್ಪತ್ತಿಯನ್ನು ತಡೆಯುವದು. ಅಷ್ಟಕ್ಕೆ ನಿಲ್ಲದೆ ಒಳಗಿಳಿದು ಮೂತ್ರಪಿಂಡಗಳನ್ನೂ ಕೆಡಿಸುವದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಲೇಪಗಳನ್ನು ಹಚ್ಚುತ್ತಿದ್ದವರಲ್ಲಿ ಇಂಥ ರೋಗವನ್ನು ವೈದ್ಯರು ಕಂಡುಹಿಡಿದರು. ಸ್ಟೀರಾಯ್ಡ್ ಬೆರೆತ ಮುಲಾಮುಗಳದು ಬೇರೊಂದು ಕಥೆ. ಅವು ಮೊದಮೊದಲು ಮುಖವನ್ನು ತಿಳಿಯಾಗಿಸಿ, ಬರಬರುತ್ತ ಚರ್ಮವನ್ನು ತೆಳ್ಳಗೆ ಮಾಡುವವು. ಅವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರಕಾರವು 2018ರಲ್ಲಿ ವಿಧಿಸಿತು. ಆದಾಗ್ಯೂ ಚೀಟಿ ಕೇಳುವ ಅಂಗಡಿಗಳು ಎಷ್ಟಿವೆಯೆಂಬುದನ್ನು ನೀವೇ ಬಲ್ಲಿರಿ.

ಈ ಮೋಹವು ಪರದೇಶದಿಂದಲೇ ಬಂತೆಂದು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಗರ್ಭಿಣಿಗೆ ಕೇಸರಿಹಾಲು ಕುಡಿಸುವಾಗ ನಮ್ಮ ಅಜ್ಜಿಯರ ಮನಸ್ಸಿನಲ್ಲಿದ್ದುದು ಏನು? ಶಿವನು ವಿನೋದಕ್ಕೆ 'ಕಾಳಿ' ಎಂದು ಕರೆದನೆಂದು ನೊಂದ ಪಾರ್ವತಿಯು ತಪಸ್ಸು ಮಾಡಿ ಗೌರಿಯಾದ ಕಥೆಯನ್ನು ಪುರಾಣಗಳು ಹೇಳುವವು. ಗಂಡನ ಒಂದು ಹಾಸ್ಯದ ಮಾತು ಜಗನ್ಮಾತೆಯನ್ನೇ ನೋಯಿಸಿತೆಂದ ಮೇಲೆ ಹಳ್ಳಿಯ ಹುಡುಗಿಯ ಪಾಡೇನು! ಆದರೆ ಶಾಸ್ತ್ರದ ದನಿ ಒಂದೇ ಅಲ್ಲ. ಮಹಾಭಾರತದ ದ್ರೌಪದಿಯು ಕೃಷ್ಣವರ್ಣದವಳು, 'ಕೃಷ್ಣಾ' ಎಂಬುದೇ ಅವಳ ಹೆಸರು. ಅವಳಂಥ ಚೆಲುವೆ ಇನ್ನೊಬ್ಬಳಿಲ್ಲವೆಂದು ಅದೇ ಗ್ರಂಥವು ಸಾರುವದು.

ನಮ್ಮ ಅಕ್ಕಮಹಾದೇವಿಯನ್ನು ನೆನೆಯಿರಿ. ಅರಸನಾದ ಕೌಶಿಕನಿಗೆ ಕಂಡದ್ದು ಅವಳ ರೂಪವೊಂದೇ. ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಬಂದಾಗಲೂ ಶರಣರ ಸಭೆಯಲ್ಲಿ ಪ್ರಭುದೇವರು ಅವಳನ್ನು ಕೇಳಿದ್ದು ಮೈಯ ವಿಷಯವನ್ನೇ, ಕೂದಲ ಮರೆಯೇಕೆಂದು. ಪರೀಕ್ಷೆಗಾಗಿ ಕೇಳಿದರೆಂಬುದು ಸರಿ. ಹಾಗಿದ್ದರೂ ಅನುಭಾವಿಗಳ ನಡುವೆ ಬಂದ ಹೆಣ್ಣು ಸಹ ಮೊದಲು ತನ್ನ ದೇಹಕ್ಕೆ ಉತ್ತರ ಹೇಳಬೇಕಾಯಿತೆಂಬುದು ನನ್ನನ್ನು ಕಾಡುವದು. ನಾವಾದರೋ ಬೆಳಿಗ್ಗೆ ಅಕ್ಕನ ಜಯಂತಿಯನ್ನಾಚರಿಸಿ ಸಾಯಂಕಾಲ ಬೆಳ್ಳಗಿನ ಕನ್ಯೆಯನ್ನು ಹುಡುಕಿಕೊಡಿರೆಂದು ಕಚೇರಿಗೆ ಬರುವೆವು.

1975ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಲೇಪವು ಬಿಳುಪನ್ನೂ ಚೆಲುವನ್ನೂ ಹೆಸರಿನಲ್ಲಿಯೇ ಗಂಟು ಹಾಕಿತ್ತು. 2020ರಲ್ಲಿ ಅದರ ಒಡೆಯರು 'ಫೇರ್' ಎಂಬುದನ್ನು ತೆಗೆದು 'ಗ್ಲೋ' ಎಂದು ಬದಲಿಸಿದರು. ವಿವಾಹಸಂಬಂಧಗಳನ್ನು ಕೂಡಿಸುವ ಶಾದಿ ಡಾಟ್ ಕಾಮ್‌ನವರು ಅದೇ ವರ್ಷ ಮೈಬಣ್ಣದಿಂದ ಆರಿಸುವ ಅನುಕೂಲವನ್ನು ತೆಗೆದುಹಾಕಿದರು. ಹೆಸರು ಬದಲಾದರೆ ಮನಸ್ಸು ಬದಲಾಗುವದೆಂದು ನಾನು ನಂಬಿದವನಲ್ಲ. ಆದರೂ ಲಾಭಕ್ಕಾಗಿ ವ್ಯಾಪಾರ ಮಾಡುವವರು ಅಳಿಸಿದ ಗೆರೆಯು ಮಠದ ಪುಸ್ತಕದಲ್ಲಿ ಉಳಿದದ್ದು ನನಗೆ ನಾಚಿಕೆ ತಂದಿತು.

ಆದಕಾರಣ ಈ ಮಹೋತ್ಸವದ ನಿಮಿತ್ತ ಹೊಸ ಪುಸ್ತಕವನ್ನು ಕಟ್ಟಿಸಿರುವೆನು. ಅದರಲ್ಲಿ ವರ್ಣದ ಕಾಲಮು ಇಲ್ಲ. ಶ್ರೀಗಳವರು ಮೊದಲನೆಯ ಪುಟಕ್ಕೆ ಅಂಕಿತವಿತ್ತಿರುವರು. ಬಣ್ಣವನ್ನು ಕೇಳುವವರಿಗೆ ಏನು ಹೇಳಲೆಂದು ಗುಮಾಸ್ತನು ಕೇಳಿದನು. ಪುಸ್ತಕದಲ್ಲಿಲ್ಲವೆಂದು ಹೇಳು ಎಂದೆನು. ಆ ಹುಡುಗಿಯ ಹೆಸರನ್ನು ಹೊಸದಕ್ಕೆ ಎತ್ತಿ ಬರೆಯುವ ಮುನ್ನ, ತಾಯಿಗಲ್ಲ, ಅವಳಿಗೇ ಕಾಗದ ಬರೆದು ಒಪ್ಪಿಗೆ ಕೇಳಿರುವೆನು. ಉತ್ತರವು ಇನ್ನೂ ಬಂದಿಲ್ಲ.